ಕಿಟಕಿಗೆ ಹದಿನಾಲ್ಕು ಹೆಜ್ಜೆ

ಬೆಳಿಗ್ಗೆ ಏಳು ಗಂಟೆ. ವಾರ್ಡಿನ ನೆಲದಲ್ಲಿ ಫಿನಾಯಿಲ್ ಇನ್ನೂ ಒಣಗಿರಲಿಲ್ಲ. ಯಾರದೋ ಕೆಮ್ಮು, ಯಾವುದೋ ಮೊಬೈಲಿನಲ್ಲಿ ಸುಪ್ರಭಾತ, ಬಾಗಿಲಲ್ಲಿ ಇಡ್ಲಿ ಪೊಟ್ಟಣ ಬಿಚ್ಚುವ ಸದ್ದು. ಹನ್ನೆರಡನೇ ಮಂಚದಲ್ಲಿ ದೊಡ್ಡಪ್ಪ ಫ್ಯಾನು ನೋಡುತ್ತ ಮಲಗಿದ್ದರು. ನ್ಯುಮೋನಿಯಾ ಹತೋಟಿಗೆ ಬಂದು, ಜ್ವರ ಬಿಟ್ಟು ಎರಡು ದಿನವಾಗಿತ್ತು. ಆದರೂ ಏಳಲೆಂದು ಮೊಣಕೈ ಊರಿದರೆ ಸಾಕು, ದೊಡ್ಡಮ್ಮನ ಗದರಿಕೆ: “ಸುಮ್ನೆ ಮಲಕ್ಕೊಳ್ಳಿ ಅಂದ್ರೆ!” ನೋಡಲು ಬಂದ ನೆಂಟರೂ ಎಳನೀರು, ಮೂಸಂಬಿಯ ಜೊತೆ ಅದೇ ಮಾತನ್ನು ಕೊಟ್ಟು ಹೋಗುತ್ತಿದ್ದರು. ನಮ್ಮಲ್ಲಿ ಅಕ್ಕರೆ ಎಂದರೆ ಹೊದಿಕೆಯನ್ನು ಕತ್ತಿನವರೆಗೆ ಎಳೆಯುವುದು.

ಫಿಸಿಯೋ ಹುಡುಗಿ ಬಂದವಳೇ ಆ ಹೊದಿಕೆ ಮಡಚಿಟ್ಟಳು. “ಅಜ್ಜಾ, ನೆಲ ಒಣಗ್ಲಿ. ಕಿಟಕಿ ತನಕ ಹೋಗ್ಬರೋಣ.” ದೊಡ್ಡಮ್ಮನ ಮುಖ ನೋಡಬೇಕಿತ್ತು!

2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಆರೋಗ್ಯವಂತ ಹಿರಿಯರನ್ನೇ 10 ದಿನ ಮಂಚದಲ್ಲಿ ಮಲಗಿಸಿ ನೋಡಿದ್ದರು. ಕಾಲಿನ ಮಾಂಸಖಂಡ ಸುಮಾರು ಒಂದು ಕಿಲೋ ಕರಗಿತ್ತು. ಕಾಯಿಲೆಯವರ ಪಾಡು ಬೇರೆ ಹೇಳಬೇಕೆ? ಮಲಗಿದಲ್ಲೇ ಬೆನ್ನು ಹುಣ್ಣಾಗುತ್ತದೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು, ಹೊಟ್ಟೆ ಕಟ್ಟುತ್ತದೆ, ಕಫ ಎದೆಯಲ್ಲೇ ನಿಲ್ಲುತ್ತದೆ. ಬ್ರಿಟನ್ನಿನ ಆಸ್ಪತ್ರೆಗಳು 2018ರಲ್ಲಿ 70 ದಿನದ ಅಭಿಯಾನವನ್ನೇ ನಡೆಸಿದವು: ರೋಗಿಗಳು ಪೈಜಾಮ ಕಳಚಿ, ಸ್ವಂತ ಬಟ್ಟೆ ತೊಟ್ಟು ಏಳಲಿ ಎಂದು. ಇಲ್ಲಿ ಆ ಕೆಲಸ ಮಾಡಿದ್ದು ಮನೆಯಿಂದ ತಂದ ಬಿಳಿ ಪಂಚೆ. ಆಸ್ಪತ್ರೆಯ ನಿಲುವಂಗಿ ಕಳಚಿ ಅದನ್ನು ಉಟ್ಟದ್ದೇ ತಡ, ದೊಡ್ಡಪ್ಪನ ಬೆನ್ನು ನೆಟ್ಟಗಾಯಿತು.

ಮೊದಲು ಮಂಚದಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು. ಸಿಸ್ಟರ್ ಬಿಪಿ ನೋಡಿದರು. ಮಲಗಿದವರು ದಡಕ್ಕನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುತ್ತದೆ. ತಲೆ ಸುತ್ತುತ್ತದೆಯೇ ಎಂದು ಎರಡು ಸಲ ಕೇಳಿದರು. ಬಳಿಕ ಹಿಮ್ಮಡಿಗೆ ಪಟ್ಟಿಯಿದ್ದ ಚಪ್ಪಲಿ. ಹುಡುಗಿಯ ಒಂದು ಕೈ ಅವರ ಸೊಂಟದ ಬಳಿ, ಇನ್ನೊಂದು ಮೊಣಕೈಯಡಿ.

ನಿಂತಾಗ ಮೊಣಕಾಲು ನಡುಗಿತು. ತೋಟದ ಬದುಗಳ ಮೇಲೆ ಎಪ್ಪತ್ತು ವರ್ಷ ನಡೆದ ಕಾಲು! ಐದನೇ ಹೆಜ್ಜೆಗೆ ನಿಂತು ಉಸಿರೆಳೆದರು. ಹದಿನಾಲ್ಕಕ್ಕೆ ಕಿಟಕಿಯ ಸರಳು ಕೈಗೆ ಸಿಕ್ಕಿತು. ಕೆಳಗೆ ಹೊಂಗೆಯ ಮರ, ಅದರಡಿ ಆಟೋಗಳು.

“ಮಳೆ ಬಂದಿತ್ತೇನೇ?” ಎಂದರು, ಒದ್ದೆ ರಸ್ತೆ ನೋಡಿ.

“ಮೂರು ದಿನದಿಂದ ಸುರೀತಿದೆ,” ಎಂದರು ದೊಡ್ಡಮ್ಮ, ಕೈಯಲ್ಲಿ ಹೊದಿಕೆ ಹಿಡಿದುಕೊಂಡೇ.

ಮರುದಿನ ನಾನು ಹೋದಾಗ ಕಾಫಿ ಫ್ಲಾಸ್ಕು ಮಂಚದ ಪಕ್ಕ ಇರಲಿಲ್ಲ. ದೊಡ್ಡಮ್ಮ ಅದನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದರು.