ತಲೆಕೆಳಗಾಗಿ ನಿಲ್ಲುವ ಮುನ್ನ

ಜೂನ್ 21ರ ಯೋಗದಿನವು 2015ರಿಂದ ಆಚರಣೆಗೆ ಬಂದ ಮೇಲೆ ನಮ್ಮ ಬೋಡಿನಾಯಕನೂರಿನ ಮನೆಗಳಲ್ಲಿಯೂ ಮಕ್ಕಳು ಗೋಡೆಗೆ ಕಾಲು ಚಾಚಿ ಶೀರ್ಷಾಸನಕ್ಕೆ ತೊಡಗುತ್ತಾರೆ. ಚಿತ್ರದಲ್ಲಿ ಕಂಡುದನ್ನು ಆ ಸಂಜೆಯೇ ಮಾಡಿಬಿಡುವ ಆತುರ ಅವರದು. ಈ ಆತುರದ ಫಲವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅಧ್ಯಾಪಕ ತರಬೇತಿಯ ದಿನಗಳಲ್ಲಿ ಒಮ್ಮೆ ನಮ್ಮೆಲ್ಲರನ್ನೂ ಸಾಲಾಗಿ ಶೀರ್ಷಾಸನಕ್ಕೆ ನಿಲ್ಲಿಸಿದರು. ಮೇಲೇರುವ ಕ್ರಮವನ್ನು ಹೇಳಿಕೊಟ್ಟರು. ಇಳಿಯುವ ಕ್ರಮವನ್ನು ಹೇಳಲಿಲ್ಲ. ಪಕ್ಕದ ಗೆಳೆಯ ಹಿಂದಕ್ಕೆ ವಾಲಿದವನು ಹೆಣೆದ ಬೆರಳುಗಳನ್ನು ಬಿಡದೆಯೇ ಬಿದ್ದ. ವಾರಗಟ್ಟಲೆ ಅವನ ಕೊರಳಿಗೆ ಪಟ್ಟಿ ಇತ್ತು.

ಬೀಳುವಾಗ ಬೆರಳು ಸಡಿಲಿಸಿ, ಮಂಡಿ ಮಡಿಸಿ, ಮೈಬಿಟ್ಟು ಉರುಳಬೇಕೆಂದು ನಾವು ತಿಳಿದದ್ದು ಬಹುಕಾಲದ ಅನಂತರ, ಬಿ.ಕೆ.ಎಸ್. ಅಯ್ಯಂಗಾರರ 1966ರ 'ಲೈಟ್ ಆನ್ ಯೋಗ' ಗ್ರಂಥದಿಂದ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ರೋಗಪೀಡಿತರಾಗಿದ್ದ ಅವರು ಮೈಸೂರಿನಲ್ಲಿ ತಮ್ಮ ಭಾವ ತಿರುಮಲೈ ಕೃಷ್ಣಮಾಚಾರ್ಯರಲ್ಲಿ ಕಲಿತರು. ಆಚಾರ್ಯರ 'ಯೋಗ ಮಕರಂದ'ವು 1934ರಲ್ಲಿ ಕನ್ನಡದಲ್ಲಿಯೇ ಅಚ್ಚಾಯಿತು. ಗಡಿಯಾಚೆಯ ನಮ್ಮ ಮಕ್ಕಳಿಗೆ ಇದನ್ನು ಹೇಳುವವರಿಲ್ಲ. ಕಂಬಳಿ, ಹಗ್ಗ, ಮರದ ತುಂಡುಗಳ ಆಸರೆ ಪಡೆಯುವುದು ಹೀನವಲ್ಲವೆಂದು ತೋರಿಸಿಕೊಟ್ಟವರು ಅಯ್ಯಂಗಾರರು.

ಆದುದರಿಂದ ಮೊದಲಿಗೆ ಸರ್ವಾಂಗಾಸನವನ್ನು ಕಲಿಯುವುದು ಲೇಸು. ಮೂರು ನಾಲ್ಕು ಕಂಬಳಿಗಳನ್ನು ಮಡಿಸಿ ಭುಜಗಳ ಕೆಳಗಿರಿಸಿ, ತಲೆಯನ್ನು ಮಾತ್ರ ನೆಲಕ್ಕೆ ಬಿಡಬೇಕು; ಆಗ ಕೊರಳು ಹಿಂಡುವುದಿಲ್ಲ. ಆಸನದಲ್ಲಿರುವಾಗ ಯಾರು ಕರೆದರೂ ತಲೆ ಹೊರಳಿಸಕೂಡದು. ಶೀರ್ಷಾಸನದಲ್ಲಿ ಮೊಣಕೈಗಳು ಭುಜದಗಲಕ್ಕಿಂತ ಹೆಚ್ಚು ಹರಡಬಾರದು. ಭಾರವನ್ನು ಮುಂಗೈಗಳು ಹೊರಬೇಕು, ಭುಜಗಳು ಕಿವಿಯಿಂದ ದೂರಕ್ಕೆ ಎತ್ತಿರಬೇಕು. ಪಾದಗಳನ್ನು ನೆಲದಲ್ಲಿಯೇ ಇರಿಸಿ ಇಷ್ಟನ್ನು ಸಾಧಿಸಲು ವಾರಗಳೇ ಹಿಡಿಯಬಹುದು. ಅನಂತರ ಎರಡು ಗೋಡೆ ಕೂಡುವ ಮೂಲೆಯಲ್ಲಿ, ಹಿರಿಯರೊಬ್ಬರ ಸಮೀಪದಲ್ಲಿ, ಕೆಲವೇ ಉಸಿರುಗಳ ಕಾಲ ನಿಲ್ಲುವುದು. ಇಳಿದೊಡನೆ ಎದ್ದು ನಿಂತರೆ ತಲೆ ಸುತ್ತುತ್ತದೆ. ಮಂಡಿಯೂರಿ, ಹಣೆಯನ್ನು ನೆಲಕ್ಕಿಟ್ಟು ಸ್ವಲ್ಪ ಹೊತ್ತು ತಂಗಬೇಕು.

ಬಕಾಸನದಲ್ಲಿ ಪೆಟ್ಟು ಬೀಳುವುದು ಮೂಗಿಗೆ, ನೋವು ಉಳಿಯುವುದು ಮಣಿಕಟ್ಟಿಗೆ. ಮುಂದೆ ದಿಂಬೊಂದನ್ನು ಇಟ್ಟುಕೊಂಡು, ಬೆರಳುಗಳನ್ನು ಅಗಲಿಸಿ ಊರಿ, ನೋಟವನ್ನು ಮುಂದಕ್ಕೆ ನಿಲ್ಲಿಸಿ, ಒಂದೊಂದೇ ಪಾದವನ್ನು ಎತ್ತಬೇಕು. ದಿನವಿಡೀ ಏಲಕ್ಕಿ ಆರಿಸಿ ಕೈ ನೋಯಿಸಿಕೊಂಡ ನಮ್ಮ ತಾಯಂದಿರು ಇದನ್ನು ಅಂದೇ ಸಂಜೆ ಮಾಡುವುದು ಬೇಡ. ಮೊಣಕೈಗಳು ಹೊಟ್ಟೆಯನ್ನು ಒತ್ತುವ ಮಯೂರಾಸನವು ಗರ್ಭಿಣಿಯರಿಗೂ ಹರ್ನಿಯಾ ಇರುವವರಿಗೂ ಸಲ್ಲದು. ಯಾವುದೇ ಆಸನಕ್ಕಾಗಲಿ, ಉಂಡು ನಾಲ್ಕು ಗಂಟೆಯಾದರೂ ಕಳೆದಿರಬೇಕು.

ನಮ್ಮ ವಯಸ್ಸಿನವರಿಗೆ ಇನ್ನೊಂದು ಮಾತಿದೆ. ಚೆನ್ನೈನ ಶಂಕರ ನೇತ್ರಾಲಯದ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಶೀರ್ಷಾಸನದಲ್ಲಿರುವಾಗ ಕಣ್ಣಿನೊಳಗಿನ ಒತ್ತಡವು ಸುಮಾರು ಇಮ್ಮಡಿಯಾಗುತ್ತದೆ. ಗ್ಲಾಕೋಮಾ ರೋಗವು ನೋವಿಲ್ಲದೆಯೇ ದೃಷ್ಟಿಯನ್ನು ಕಸಿಯುವಂಥದು. ಅದಿರುವವನು ತಿಳಿಯದೆ ತಲೆಕೆಳಗಾದರೆ ಗತಿಯೇನು? ರಕ್ತದೊತ್ತಡ, ಕೊರಳೆಲುಬಿನ ಸವೆತ ಇರುವವರಿಗೂ ಈ ಆಸನಗಳು ಬೇಡ. ಥೇಣಿಯಲ್ಲಿಯೇ ಅರವಿಂದ ಕಣ್ಣಾಸ್ಪತ್ರೆ ಇರುವಾಗ ನಲವತ್ತು ದಾಟಿದವರು ಮೊದಲು ಅಲ್ಲಿಗೆ ಹೋಗಿಬರಲಿ. ನಾವೂ ಹೋಗಿಬಂದೇ ಮುಂದುವರಿಸಿದೆವು.

ಎದುರುಮನೆಯ ಏಳನೆಯ ತರಗತಿಯ ಹುಡುಗ ಎರಡು ತಿಂಗಳಿಂದ ನಮ್ಮ ಜಗಲಿಯಲ್ಲಿ ಮುಂಗೈ ಊರುವುದನ್ನೇ ಕಲಿಯುತ್ತಿದ್ದಾನೆ. ಪಾದ ಇನ್ನೂ ನೆಲ ಬಿಟ್ಟಿಲ್ಲ. "ಇವತ್ತಾದರೂ ಎತ್ತಲೇ, ಸಾರ್?" ಎಂದು ದಿನವೂ ಕೇಳುತ್ತಾನೆ. ಮುಂದಿನ ವಾರ ನೋಡೋಣವೆಂದಿದ್ದೇವೆ.