ಬಿದರಿಯ ಊರು, ಭಜ್ಜಿಯ ಊಟ

ಬೀದರ್ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಬಿದರಿ ಕಲೆ. ಸತು ಮತ್ತು ತಾಮ್ರ ಬೆರೆತ ಲೋಹದ ಮೇಲೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳಗುತ್ತದೆ. ಆದರೆ ಈ ಪಾತ್ರೆಗಳಲ್ಲಿ ಯಾರೂ ಅಡುಗೆ ಮಾಡುವುದಿಲ್ಲ. ಹುಕ್ಕಾದ ಬುಡ, ಪಾನ್‌ದಾನ, ಹೂಜಿ ಇವೆಲ್ಲ ಸಿರಿವಂತರ ಮನೆಯ ವೈಭವಕ್ಕೆ ಹುಟ್ಟಿದವು. ಜನರ ಊಟವನ್ನು ರೂಪಿಸಿದ್ದು ಇನ್ನೊಂದು ಮಣ್ಣು: ಭಾಲ್ಕಿ, ಔರಾದ್ ಕಡೆಯ ಎರೆ ಮಣ್ಣು.

ಬೀದರ್ ನಗರದ ಊಟದಲ್ಲಿ ಹಲವು ಸೀಮೆಗಳ ರುಚಿಯಿದೆ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಊರು, ಮುಂದೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಹೀಗಾಗಿ ಬಿರಿಯಾನಿ, ತಹರಿಗಳ ಪಕ್ಕದಲ್ಲೇ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇವೆ. ಗುರುನಾನಕ್ ಝರಾದ ಲಂಗರಿನಲ್ಲಿ ಬಂದವರೆಲ್ಲರಿಗೂ ಉಚಿತ ಊಟ ಸಿಗುತ್ತದೆ.

ಈ ಸೀಮೆಯ ನಿಜವಾದ ಹಬ್ಬದೂಟ ಹೋಟೆಲಿನಲ್ಲಿ ಸಿಗುವಂಥದ್ದಲ್ಲ. ಅದನ್ನು ಉಣ್ಣಬೇಕಾದರೆ ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಬೇಕು. ಅಂದು ಪೇಟೆ ಬಣಗುಡುತ್ತದೆ. ಹೊಲವಿದ್ದವರು ಇಲ್ಲದವರನ್ನೂ ಜಾತಿ, ಧರ್ಮ ನೋಡದೆ ಊಟಕ್ಕೆ ಕರೆಯುತ್ತಾರೆ. ಜೋಳದ ದಂಟಿನಿಂದ ಕೊಂಪೆ ಕಟ್ಟಿ, ಪೂಜೆ ಮಾಡಿ, ಪೈರಿನ ನಡುವೆ ಚರಗ ಚೆಲ್ಲುತ್ತಾರೆ. ಫಸಲು ಹೊತ್ತು ನಿಂತ ಭೂತಾಯಿಗೆ ಅದು ಬಯಕೆಯ ಊಟ.

ಊಟದ ಮುಖ್ಯ ಪದಾರ್ಥ ಭಜ್ಜಿ. ಎಣ್ಣೆಯಲ್ಲಿ ಕರಿದ ಭಜಿ ಬೇರೆ, ಇದು ಬೇರೆ. ಹಸಿ ತೊಗರಿ, ಕಡಲೆ, ಬಟಾಣಿ, ಶೇಂಗಾ, ಬದನೆ, ಮೆಂತ್ಯೆ ಹೀಗೆ ಆ ಕಾಲದಲ್ಲಿ ಸಿಗುವ ಕಾಯಿ, ಕಾಳು, ಸೊಪ್ಪುಗಳನ್ನೆಲ್ಲ ಒಟ್ಟಿಗೆ ಬೇಯಿಸಿ, ಹುಣಸೆಹುಳಿ, ಕಡಲೆಹಿಟ್ಟು ಹಾಕಿ ಕುದಿಸುತ್ತಾರೆ. ಜೊತೆಗೆ ಸಜ್ಜೆ ರೊಟ್ಟಿ, ಗೋಧಿ ಹುಗ್ಗಿ. ಕೊನೆಗೆ ಮಣ್ಣಿನ ಮಡಕೆಯಲ್ಲಿ ಹುಳಿಬಂದ ಜೋಳದ ಅಂಬಲಿ. ಹೊಲದಲ್ಲಿ ಏನು ಬೆಳೆದಿದೆ ಎಂಬುದನ್ನು ಭಜ್ಜಿಯ ಒಂದು ಬಟ್ಟಲು ನೋಡಿಯೇ ಹೇಳಬಹುದು.

ಆತಂಕವಿರುವುದೂ ಅಲ್ಲಿಯೇ. ಹಿಂಗಾರಿ ಜೋಳ ಮಳೆ ನಿಂತ ಮೇಲೆ ಎರೆ ಮಣ್ಣಿನ ತೇವದಲ್ಲೇ ಬೆಳೆಯುವ ಬೆಳೆ. ಮನೆಗೆ ರೊಟ್ಟಿ, ದನಕ್ಕೆ ಕಣಿಕೆ ಎರಡನ್ನೂ ಕೊಡುತ್ತದೆ. ಆದರೆ ಕೊಯ್ಲಿಗೆ ಆಳು ಬೇಕು, ಹಕ್ಕಿ ಕಾಯಬೇಕು. ಸುಮಾರು ನೂರು ದಿನಗಳಲ್ಲಿ ಕೈಗೆ ಹಣ ತರುವ ಸೋಯಾ ಮುಂಗಾರಿನಲ್ಲಿ ಹೊಲ ಹಿಡಿದಿದೆ. ಅದರ ಹಿಂದೆಯೇ ಕಡಲೆ ಬಿತ್ತುವುದು ರೂಢಿಯಾಗಿದೆ. ಸಾಲ, ಕೂಲಿಯ ಲೆಕ್ಕ ಹಾಕುವ ರೈತನನ್ನು ಇದಕ್ಕಾಗಿ ದೂರುವಂತಿಲ್ಲ. ಸೋಯಾ ಮಾರುಕಟ್ಟೆಗೆ ಹೋಗುತ್ತದೆ, ಮನೆಯ ಒಲೆಗೆ ಬರುವುದು ಅಪರೂಪ. ರೊಟ್ಟಿಯ ಜೋಳವನ್ನು ರೈತನೇ ಕೊಂಡು ತರಬೇಕಾಗುತ್ತದೆ.

ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿತು. ಜೋಳಕ್ಕೂ ಅದರಲ್ಲಿ ಪಾಲಿತ್ತು. ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ, 2023ರಲ್ಲಿ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿದೆ. ಕೋಟೆಯ ಮಣ್ಣಿನ ಕಲೆಗೆ ಹೀಗೆ ಗೌರವ ಸಿಕ್ಕಿತು. ಎರೆ ಮಣ್ಣಿನ ಊಟಕ್ಕೆ ಪ್ರಶಸ್ತಿ ಬೇಕಿಲ್ಲ. ಜೋಳ ಬಿತ್ತಿದವನಿಗೆ ನಷ್ಟವಾಗದಂಥ ಬೆಲೆ ಸಿಕ್ಕರೆ ಸಾಕು.