ಅಗ್ಗದ ಶಾಯಿ: ಉಳಿತಾಯವೋ, ದಂಡವೋ?

ಮಕ್ಕಳ ಶಾಲೆಯ ಪ್ರಾಜೆಕ್ಟ್, ಪಹಣಿಯ ಪ್ರತಿ, ರೈಲು ಟಿಕೆಟ್, ಪರೀಕ್ಷೆಯ ಪ್ರವೇಶಪತ್ರ ಎಂದು ಮನೆಗೊಂದು ಪ್ರಿಂಟರ್ ತಂದವರಿಗೆ ಕೆಲವೇ ತಿಂಗಳಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ. ಯಂತ್ರದ ಶಾಯಿ ಮುಗಿಯುತ್ತದೆ. ಕಪ್ಪು ಮತ್ತು ಬಣ್ಣದ ಎರಡು ಅಸಲಿ ಕಾರ್ಟ್ರಿಜ್‌ಗಳ ಬೆಲೆ ವಿಚಾರಿಸಿದರೆ, ಯಂತ್ರಕ್ಕೆ ಕೊಟ್ಟ ಹಣದ ದೊಡ್ಡ ಪಾಲನ್ನು ಮತ್ತೆ ತೆರಬೇಕೆಂದು ತಿಳಿಯುತ್ತದೆ. ಅದೇ ಅಂಗಡಿಯಲ್ಲಿ ಬೇರೆ ತಯಾರಕರ ಕಾರ್ಟ್ರಿಜ್ ಅರ್ಧ ಬೆಲೆಗೆ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಂಪ್ಯೂಟರ್ ಮಾರುಕಟ್ಟೆಗಳಿಗೆ ಹೋದರೆ ಖಾಲಿ ಕಾರ್ಟ್ರಿಜ್‌ಗೆ ಶಾಯಿ ತುಂಬಿಕೊಡುವವರೂ ಸಿಗುತ್ತಾರೆ. ಇವನ್ನು ಬಳಸಬಹುದೇ? ಪ್ರಿಂಟರ್ ಕೆಡುವುದಿಲ್ಲವೇ? ವಾರಂಟಿಯ ಗತಿ ಏನು?

ಎಲ್ಲ ಪ್ರಿಂಟರ್‌ಗಳಿಗೂ ಹೊಂದುವ ಒಂದೇ ಉತ್ತರ ಇದಕ್ಕಿಲ್ಲ. ನಿಮ್ಮ ಯಂತ್ರದಲ್ಲಿ ಕಾಗದದ ಮೇಲೆ ಶಾಯಿ ಸಿಂಪಡಿಸುವ ಭಾಗ, ಅಂದರೆ ಪ್ರಿಂಟ್ ಹೆಡ್, ಎಲ್ಲಿದೆ ಎಂಬುದೇ ಬಹುಮಟ್ಟಿಗೆ ಉತ್ತರವನ್ನು ನಿರ್ಧರಿಸುತ್ತದೆ.

ಶಾಯಿ ಏಕೆ ದುಬಾರಿ?

ಯಂತ್ರವನ್ನು ಅಗ್ಗವಾಗಿ ಮಾರಿ, ಅದಕ್ಕೆ ಮತ್ತೆ ಮತ್ತೆ ಬೇಕಾಗುವ ವಸ್ತುವಿನಲ್ಲಿ ಲಾಭ ಗಳಿಸುವುದು ಪ್ರಿಂಟರ್ ಉದ್ಯಮದ ಹಳೆಯ ಲೆಕ್ಕಾಚಾರ. ಕ್ಷೌರದ ರೇಜರ್ ಮತ್ತು ಬ್ಲೇಡುಗಳ ವ್ಯಾಪಾರದ ನೀತಿಯೂ ಇದೇ. ಕಡಿಮೆ ಬೆಲೆಯ ಕಾರ್ಟ್ರಿಜ್‌ಗಳಲ್ಲಿ ಅನೇಕವು ಒಳಗೊಂಡಿರುವ ಶಾಯಿ ಹತ್ತು ಮಿಲಿಲೀಟರಿಗಿಂತಲೂ ಕಡಿಮೆ.

ಹಾಗೆಂದು ಶಾಯಿ ಎಂದರೆ ಕೇವಲ ಬಣ್ಣದ ನೀರಲ್ಲ. ಇಂಕ್‌ಜೆಟ್ ಯಂತ್ರ ಕೆಲವೇ ಪಿಕೊಲೀಟರ್ ಗಾತ್ರದ ಹನಿಗಳನ್ನು ಚಿಮ್ಮಿಸುತ್ತದೆ. ಒಂದು ಪಿಕೊಲೀಟರ್ ಎಂದರೆ ಲೀಟರಿನ ಲಕ್ಷ ಕೋಟಿಯ ಒಂದು ಭಾಗ. ಕೂದಲೆಳೆಗಿಂತ ಕಿರಿದಾದ ರಂಧ್ರದಿಂದ ಹೊರಡುವ ಶಾಯಿ ರಂಧ್ರದಲ್ಲಿ ಒಣಗಬಾರದು, ಕಾಗದದ ಮೇಲೆ ಮಾತ್ರ ಬೇಗ ಒಣಗಬೇಕು. ಈ ಹದ ತಪ್ಪಿದ ಶಾಯಿಯೇ ತೊಂದರೆಗೆ ಮೂಲ.

ಮಾರುಕಟ್ಟೆಯ ಮೂರು ಬಗೆ

ಅಗ್ಗದ ಶಾಯಿ ಎಂದು ಮಾರಾಟವಾಗುವ ಎಲ್ಲವೂ ಒಂದೇ ಅಲ್ಲ. ಮೊದಲನೆಯದು ರೀಫಿಲ್, ಅಂದರೆ ಕಂಪನಿಯದೇ ಹಳೆಯ ಕಾರ್ಟ್ರಿಜ್‌ಗೆ ಹೊಸ ಶಾಯಿ ತುಂಬಿದ್ದು. ಎರಡನೆಯದು ಕಂಪ್ಯಾಟಿಬಲ್, ಅಂದರೆ ಬೇರೊಬ್ಬ ತಯಾರಕರು ಹೊಸದಾಗಿ ರೂಪಿಸಿ ತಮ್ಮದೇ ಹೆಸರಿನಲ್ಲಿ ಮಾರುವಂಥದ್ದು. ಇವೆರಡರಲ್ಲೂ ಮೋಸವಿಲ್ಲ, ಏನನ್ನು ಕೊಳ್ಳುತ್ತಿದ್ದೇವೆ ಎಂಬುದು ಗ್ರಾಹಕನಿಗೆ ತಿಳಿದಿರುತ್ತದೆ. ಮೂರನೆಯದು ನಕಲಿ. ಪ್ರಸಿದ್ಧ ಕಂಪನಿಯ ಹೆಸರು ಮತ್ತು ಡಬ್ಬಿಯನ್ನೇ ಅನುಕರಿಸಿ, ಅಸಲಿಗಿಂತ ತುಸು ಕಡಿಮೆ ಬೆಲೆಗೆ ಮಾರುವ ಇದು ಅಪರಾಧವೂ ಹೌದು, ಗ್ರಾಹಕನಿಗೆ ಎರಡು ಬಗೆಯ ನಷ್ಟವೂ ಹೌದು. ಹಣವೂ ಉಳಿಯುವುದಿಲ್ಲ, ಗುಣಮಟ್ಟದ ಹೊಣೆ ಹೊರುವವರೂ ಇರುವುದಿಲ್ಲ.

ಪ್ರಿಂಟ್ ಹೆಡ್ ಎಲ್ಲಿದೆ?

ಇಂಕ್‌ಜೆಟ್ ತಂತ್ರಜ್ಞಾನದಲ್ಲಿ ಎರಡು ಪ್ರಮುಖ ದಾರಿಗಳಿವೆ. ಎಚ್‌ಪಿ ಮತ್ತು ಕ್ಯಾನನ್ ಕಂಪನಿಗಳು 1980ರ ದಶಕದಲ್ಲಿ ಮಾರುಕಟ್ಟೆಗೆ ತಂದ ವಿಧಾನದಲ್ಲಿ ಪ್ರತಿ ರಂಧ್ರದ ಬಳಿಯೂ ಒಂದು ಪುಟ್ಟ ಹೀಟರ್ ಇರುತ್ತದೆ. ಅದು ಕ್ಷಣಾರ್ಧದಲ್ಲಿ ಕಾದು ಶಾಯಿಯಲ್ಲಿ ಗುಳ್ಳೆ ಎಬ್ಬಿಸುತ್ತದೆ, ಗುಳ್ಳೆ ಹನಿಯನ್ನು ಹೊರಕ್ಕೆ ತಳ್ಳುತ್ತದೆ. ಎಪ್ಸನ್ ಕಂಪನಿಯದು ಪೀಜೋ ವಿಧಾನ. ವಿದ್ಯುತ್ ತಾಗಿದಾಗ ಬಾಗುವ ಪುಟ್ಟ ಅಂಶವೊಂದು ಶಾಯಿಯನ್ನು ಒತ್ತಿ ಹೊರಹಾಕುತ್ತದೆ. ಇಲ್ಲಿ ಬಿಸಿಯ ಕೆಲಸವಿಲ್ಲ.

ಎಚ್‌ಪಿ ಡೆಸ್ಕ್‌ಜೆಟ್ ಸರಣಿಯ ಹಾಗೂ ಕ್ಯಾನನ್‌ನ ಅಗ್ಗದ, ಎರಡೇ ಕಾರ್ಟ್ರಿಜ್‌ಗಳಿರುವ ಬಹುತೇಕ ಗೃಹಬಳಕೆಯ ಯಂತ್ರಗಳಲ್ಲಿ ಪ್ರಿಂಟ್ ಹೆಡ್ ಕಾರ್ಟ್ರಿಜ್‌ನಲ್ಲಿಯೇ ಅಡಕವಾಗಿರುತ್ತದೆ. ಕಾರ್ಟ್ರಿಜ್ ಬದಲಿಸಿದರೆ ಹೆಡ್ ಕೂಡ ಹೊಸದು. ಆದ್ದರಿಂದ ಇಂತಹ ಯಂತ್ರಕ್ಕೆ ಕಳಪೆ ಶಾಯಿ ಹಾಕಿದರೆ ಸಾಮಾನ್ಯವಾಗಿ ನಷ್ಟವಾಗುವುದು ಆ ಕಾರ್ಟ್ರಿಜ್ ಮಾತ್ರ. ಅದನ್ನು ತೆಗೆದು ಅಸಲಿ ಹಾಕಿದರೆ ಅಕ್ಷರ ಮತ್ತೆ ಸ್ಪಷ್ಟವಾಗುತ್ತದೆ. ಸೋರಿಕೆಯೊಂದೇ ಇಲ್ಲಿ ಎಚ್ಚರ ವಹಿಸಬೇಕಾದ ಅಪಾಯ.

ಎಪ್ಸನ್ ಮತ್ತು ಬ್ರದರ್ ಇಂಕ್‌ಜೆಟ್‌ಗಳಲ್ಲಿ ಪ್ರಿಂಟ್ ಹೆಡ್ ಯಂತ್ರದೊಳಗೇ ಇರುತ್ತದೆ, ಕಾರ್ಟ್ರಿಜ್ ಅಥವಾ ಟ್ಯಾಂಕ್ ಬರೀ ಶಾಯಿಯ ಪಾತ್ರೆ. ಇಲ್ಲಿ ಕಳಪೆ ಶಾಯಿ ಹೆಪ್ಪುಗಟ್ಟಿದರೆ ಕಟ್ಟಿಕೊಳ್ಳುವುದು ಯಂತ್ರದ ಹೆಡ್. ಶುಚಿಗೊಳಿಸಿದರೂ ಸರಿಯಾಗದಿದ್ದರೆ ಹೆಡ್ ಬದಲಿಸುವ ವೆಚ್ಚ ಹೊಸ ಪ್ರಿಂಟರ್‌ನ ಬೆಲೆಯ ಸಮೀಪಕ್ಕೆ ಬರುವುದುಂಟು.

ನಿಮ್ಮದು ಯಾವ ಬಗೆ ಎಂದು ತಿಳಿಯುವುದು ಸುಲಭ. ಕಾರ್ಟ್ರಿಜ್ ಹೊರತೆಗೆದು ನೋಡಿ. ಬೆನ್ನಿನಲ್ಲಿ ಹಲವು ತಾಮ್ರವರ್ಣದ ಬಿಂದುಗಳು, ತಳದಲ್ಲಿ ಹೊಳೆಯುವ ಕಿರಿದಾದ ಪಟ್ಟಿ ಇದ್ದರೆ ಹೆಡ್ ಅದರಲ್ಲಿಯೇ ಇದೆ. ಪ್ಲಾಸ್ಟಿಕ್ ಪಾತ್ರೆ, ಶಾಯಿ ಹೊರಬರುವ ಒಂದು ತೂತು, ಒಂದು ಸಣ್ಣ ಚಿಪ್ ಇಷ್ಟೇ ಇದ್ದರೆ ಹೆಡ್ ಯಂತ್ರದಲ್ಲಿದೆ.

ದಾಖಲೆ ಬಾಳಬೇಕೆಂದರೆ

ಶಾಯಿಯಲ್ಲಿ ಡೈ ಮತ್ತು ಪಿಗ್ಮೆಂಟ್ ಎಂಬ ಎರಡು ಜಾತಿಗಳಿವೆ. ಡೈ ಶಾಯಿಯಲ್ಲಿ ಬಣ್ಣ ದ್ರವದಲ್ಲಿ ಕರಗಿರುತ್ತದೆ. ಅದು ಹೊಳಪು ಕೊಟ್ಟರೂ ನೀರು ಬಿದ್ದರೆ ಹರಡುತ್ತದೆ, ಬಿಸಿಲಿಗೆ ಬೇಗ ಮಾಸುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣ ಸೂಕ್ಷ್ಮ ಕಣಗಳ ರೂಪದಲ್ಲಿದ್ದು ಕಾಗದದ ಮೇಲೆ ನಿಲ್ಲುತ್ತದೆ, ನೀರನ್ನು ಹೆಚ್ಚು ತಡೆಯುತ್ತದೆ. ಅನೇಕ ಕಂಪನಿಗಳ ಅಸಲಿ ಕಪ್ಪು ಶಾಯಿ ಪಿಗ್ಮೆಂಟ್. ಇದರ ಜಾಗಕ್ಕೆ ಅಗ್ಗದ ಡೈ ಶಾಯಿ ತುಂಬಿದರೆ ಮೊದಲ ದಿನ ವ್ಯತ್ಯಾಸ ಕಾಣದು. ಮಳೆಯಲ್ಲಿ ನೆನೆದ ಪ್ರವೇಶಪತ್ರ ಅಥವಾ ಕೆಲವು ವರ್ಷಗಳ ನಂತರ ಕಡತದಿಂದ ತೆಗೆದ ಕರಾರುಪತ್ರ ಅದನ್ನು ತೋರಿಸುತ್ತದೆ. ಎರಡು ಜಾತಿಗಳನ್ನು ಬೆರೆಸಿದರೆ ಶಾಯಿ ಗಟ್ಟಿಯಾಗಿ ರಂಧ್ರ ಮುಚ್ಚುವ ಅಪಾಯವಿದೆ. ಆದ್ದರಿಂದ ಕೊಳ್ಳುವಾಗ ಅಥವಾ ತುಂಬಿಸುವಾಗ ಇದು ಡೈ ಶಾಯಿಯೋ, ಪಿಗ್ಮೆಂಟೋ ಎಂದು ಕೇಳಲೇಬೇಕು. ಉತ್ತರ ಗೊತ್ತಿಲ್ಲದ ಅಂಗಡಿಯಿಂದ ದೂರವಿರುವುದು ಲೇಸು.

ಚಿಪ್ ಎಂಬ ಬೀಗ

ಶಾಯಿ ಸರಿಯಾಗಿದ್ದರೂ ಪ್ರಿಂಟರ್ ಅದನ್ನು ಒಪ್ಪದಿರಬಹುದು. ಕಾರ್ಟ್ರಿಜ್‌ನ ಚಿಪ್ ತನ್ನ ಗುರುತನ್ನು ಯಂತ್ರಕ್ಕೆ ತಿಳಿಸುತ್ತದೆ. ಗುರುತು ಒಪ್ಪಿಗೆಯಾಗದಿದ್ದರೆ ಯಂತ್ರ ಮುದ್ರಿಸಲು ನಿರಾಕರಿಸುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿಯ ಆಫೀಸ್‌ಜೆಟ್ ಸರಣಿಯ ಹಲವು ಪ್ರಿಂಟರ್‌ಗಳು ಅದುವರೆಗೆ ಒಪ್ಪುತ್ತಿದ್ದ ಅನ್ಯ ಕಾರ್ಟ್ರಿಜ್‌ಗಳನ್ನು ಏಕಾಏಕಿ ತಿರಸ್ಕರಿಸತೊಡಗಿದವು. ಗ್ರಾಹಕರ ಆಕ್ರೋಶದ ಬಳಿಕ, ಸರಿಯಾಗಿ ತಿಳಿಸದಿದ್ದುದಕ್ಕೆ ಕಂಪನಿ ಕ್ಷಮೆ ಕೋರಿತು. ಇಂತಹ ನಿರ್ಬಂಧಗಳನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಲಿಲ್ಲವೆಂದು 2020ರ ಡಿಸೆಂಬರ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಕಂಪನಿಗೆ 1 ಕೋಟಿ ಯೂರೋ ದಂಡ ವಿಧಿಸಿತು. ಯಂತ್ರದ ರಕ್ಷಣೆ ಮತ್ತು ಗುಣಮಟ್ಟಕ್ಕಾಗಿಯೇ ಈ ಏರ್ಪಾಡು ಎಂಬುದು ಕಂಪನಿಯ ವಾದ.

ಆದರೆ ಮುದ್ರಣಕ್ಕೆ ಚಿಪ್ ಅನಿವಾರ್ಯವಲ್ಲ ಎಂಬುದನ್ನು ಕಾಲವೇ ತೋರಿಸಿತು. ಜಗತ್ತಿನಾದ್ಯಂತ ಚಿಪ್‌ಗಳ ಅಭಾವ ತಲೆದೋರಿದಾಗ, 2022ರ ಆರಂಭದಲ್ಲಿ ಕ್ಯಾನನ್ ತನ್ನ ಕೆಲವು ಕಚೇರಿ ಯಂತ್ರಗಳಿಗೆ ಚಿಪ್ ಇಲ್ಲದ ಟೋನರ್‌ಗಳನ್ನೇ ಪೂರೈಸಿ, ಪರದೆಯ ಮೇಲೆ ಬರುವ ಎಚ್ಚರಿಕೆಯನ್ನು ದಾಟುವ ಬಗೆಯನ್ನು ಜರ್ಮನಿಯ ಗ್ರಾಹಕರಿಗೆ ತಾನೇ ವಿವರಿಸಿತು.

ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲಿ ಲೆಕ್ಸ್‌ಮಾರ್ಕ್ ಕಂಪನಿಯ ಟೋನರ್ ಪ್ರಕರಣದಲ್ಲಿ, ಒಮ್ಮೆ ಮಾರಿದ ಕಾರ್ಟ್ರಿಜ್‌ನ ಮರುಬಳಕೆಯನ್ನು ಪೇಟೆಂಟ್ ಹಕ್ಕಿನ ಮೂಲಕ ತಡೆಯಲಾಗದೆಂದು ತೀರ್ಪು ನೀಡಿತು. ಆ ತೀರ್ಪು ನಮ್ಮ ದೇಶಕ್ಕೆ ಅನ್ವಯಿಸದು. ಆದರೂ ಹಣ ಕೊಟ್ಟು ಕೊಂಡ ವಸ್ತುವಿನ ಒಡೆಯ ಯಾರು ಎಂಬ ಪ್ರಶ್ನೆ ಎಲ್ಲೆಡೆಯೂ ಒಂದೇ. ಪ್ರಿಂಟರ್ ಕೊಳ್ಳುವ ಮುನ್ನವೇ, ಅಸಲಿ ಶಾಯಿಯನ್ನಷ್ಟೇ ಬಳಸಬೇಕೆಂಬ ಷರತ್ತು ಡಬ್ಬಿಯ ಮೇಲೆ ಇದೆಯೇ ಎಂದು ಓದಿಕೊಳ್ಳುವುದು ಜಾಣತನ.

ವಾರಂಟಿಯ ಮಾತು

ಅನ್ಯ ಶಾಯಿ ಹಾಕಿದ ಮಾತ್ರಕ್ಕೇ ವಾರಂಟಿ ರದ್ದಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಎಚ್‌ಪಿಯ ವಾರಂಟಿ ಪತ್ರವೇ, ಅನ್ಯ ಅಥವಾ ಮರುತುಂಬಿದ ಕಾರ್ಟ್ರಿಜ್ ಬಳಕೆಯಿಂದ ವಾರಂಟಿಗೆ ಬಾಧೆಯಿಲ್ಲ, ಆದರೆ ದೋಷಕ್ಕೆ ಅದೇ ಕಾರಣವಾಗಿದ್ದರೆ ರಿಪೇರಿಯ ಶುಲ್ಕ ತೆರಬೇಕು ಎನ್ನುತ್ತದೆ. ಪ್ರತಿ ಕಂಪನಿಯ ಷರತ್ತೂ ಬೇರೆಯಾದ್ದರಿಂದ ನಿಮ್ಮ ಯಂತ್ರದ ವಾರಂಟಿ ಪತ್ರ ಓದುವುದು ಅಗತ್ಯ. ಅನ್ಯಾಯವೆನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಲು ಅವಕಾಶವಿದೆ.

ಪುಟದ ಲೆಕ್ಕ

ಡಬ್ಬಿಯ ಬೆಲೆಗಿಂತ ಪುಟವೊಂದರ ಬೆಲೆಯನ್ನು ಲೆಕ್ಕ ಹಾಕಬೇಕು. ಊಹೆಗೆಂದು, 800 ರೂಪಾಯಿಯ ಅಸಲಿ ಕಾರ್ಟ್ರಿಜ್ 120 ಪುಟ ಮುದ್ರಿಸಿದರೆ ಪುಟಕ್ಕೆ ಸುಮಾರು 6 ರೂಪಾಯಿ 67 ಪೈಸೆ. 400 ರೂಪಾಯಿಯ ಅನ್ಯ ಕಾರ್ಟ್ರಿಜ್ 90 ಪುಟಕ್ಕೇ ಮುಗಿದರೂ ಪುಟಕ್ಕೆ 4 ರೂಪಾಯಿ 44 ಪೈಸೆ. ಇಲ್ಲಿ ಉಳಿತಾಯ ನಿಜ, ಹೆಡ್ ಕಾರ್ಟ್ರಿಜ್‌ನಲ್ಲಿದ್ದರೆ ಅಪಾಯವೂ ಸಣ್ಣದು.

ಇಂಕ್ ಟ್ಯಾಂಕ್ ಯಂತ್ರಗಳ ಲೆಕ್ಕ ಬೇರೆ. ಪ್ರಿಂಟರ್‌ಗೆ ಹೊರಗಿನಿಂದ ನಳಿಕೆ ಜೋಡಿಸಿ ಅಗ್ಗದ ಶಾಯಿ ಹರಿಸುವ ಪದ್ಧತಿ ಹಬ್ಬಿದ್ದ ಇಂಡೋನೇಷ್ಯಾದಲ್ಲಿ ಎಪ್ಸನ್ 2010ರಲ್ಲಿ ಮೊದಲು ಇಂತಹ ಯಂತ್ರ ಬಿಡುಗಡೆ ಮಾಡಿತು. ಇವುಗಳ ಅಸಲಿ ಶಾಯಿಯ ಬಾಟಲಿಗೆ 500 ರೂಪಾಯಿ, ಅದರಿಂದ 4,000 ಪುಟ ಎಂದುಕೊಂಡರೆ ಪುಟಕ್ಕೆ ಹನ್ನೆರಡೂವರೆ ಪೈಸೆ. 200 ರೂಪಾಯಿಯ ಅನ್ಯ ಬಾಟಲಿಯಿಂದ 4,000 ಪುಟಗಳಿಗೆ ಉಳಿಯುವುದು 300 ರೂಪಾಯಿ. ಅದಕ್ಕಾಗಿ ಯಂತ್ರದೊಳಗಿನ ಹೆಡ್ಡನ್ನೇ ಪಣಕ್ಕಿಡುವುದು ವಿವೇಕವಲ್ಲ.

ತಿಂಗಳಿಗೆ ಹತ್ತು ಪುಟವೂ ಮುದ್ರಿಸದವರಿಗೆ ಇನ್ನೊಂದು ಮಾತು. ಶಾಯಿ ಒಣಗುವುದರಿಂದ, ಹೆಡ್ ಶುಚಿಗೊಳಿಸುವುದರಿಂದ ಆಗುವ ವ್ಯಯ ನೋಡಿದರೆ ಬಡಾವಣೆಯ ಜೆರಾಕ್ಸ್ ಅಂಗಡಿಯೇ ಅಗ್ಗ.

ಬಳಸುವವರು ಗಮನಿಸಬೇಕಾದ್ದು

ರೀಫಿಲ್ ಮಾಡಿಸುವವರು ಕಾರ್ಟ್ರಿಜ್ ಪೂರ್ತಿ ಬರಿದಾಗುವ ಮುನ್ನ ತುಂಬಿಸಬೇಕು. ಬಿಸಿಯಾಗಿ ಕೆಲಸ ಮಾಡುವ ಹೆಡ್ಡನ್ನು ತಂಪಾಗಿಡುವುದು ಶಾಯಿಯೇ. ಖಾಲಿ ಓಡಿಸಿದರೆ ಹೀಟರ್ ಸುಟ್ಟುಹೋಗುತ್ತದೆ. ವಾರಕ್ಕೊಮ್ಮೆಯಾದರೂ ಒಂದು ಬಣ್ಣದ ಪುಟ ಮುದ್ರಿಸಿ. ಗೋಡೆಯ ಸ್ವಿಚ್ಚಿನಿಂದ ಆರಿಸದೆ ಪ್ರಿಂಟರ್‌ನ ಗುಂಡಿಯಿಂದಲೇ ಆರಿಸಿದರೆ ಹೆಡ್ ತನ್ನ ಜಾಗಕ್ಕೆ ಸರಿದು ಮುಚ್ಚಿಕೊಳ್ಳುತ್ತದೆ. ಒಮ್ಮೆಗೇ ನಾಲ್ಕಾರು ಅನ್ಯ ಕಾರ್ಟ್ರಿಜ್ ಕೊಳ್ಳಬೇಡಿ. ಒಂದನ್ನು ಪರೀಕ್ಷಿಸಿ, ರಸೀದಿ ಇಟ್ಟುಕೊಳ್ಳಿ. ಬಳಸಿ ಮುಗಿದ ಕಾರ್ಟ್ರಿಜ್ಜನ್ನು ಕಸದ ಬುಟ್ಟಿಗೆ ಎಸೆಯುವುದೂ ಸಲ್ಲದು. 2022ರ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಕಾರ್ಟ್ರಿಜ್ ಸಹಿತ ಪ್ರಿಂಟರ್‌ಗಳು ಸೇರಿವೆ.

ಹೆಡ್ ಕಾರ್ಟ್ರಿಜ್‌ನಲ್ಲಿದ್ದು, ಮುದ್ರಿಸುವುದು ಶಾಲೆಯ ಅಭ್ಯಾಸಪತ್ರಗಳಂತಹ ನಿತ್ಯದ ಹಾಳೆಗಳಾದರೆ ಅಗ್ಗದ ಶಾಯಿಗೆ ಹೆದರಬೇಕಿಲ್ಲ. ಹೆಡ್ ಯಂತ್ರದಲ್ಲಿದ್ದರೆ, ಇಲ್ಲವೇ ಕಾಗದ ಹತ್ತಾರು ವರ್ಷ ಬಾಳಬೇಕಿದ್ದರೆ ಅಸಲಿ ಶಾಯಿಯೇ ಕೊನೆಗೆ ಅಗ್ಗ.